ಕಟ್ಟೋಣ

ಬಹುಮಹಡಿ ಕಟ್ಟಡದ ಮೂರನೆಯ ಮಹಡಿ, ಭಾಷಾಂತರ ಶಾಖೆ.
ಫ್ಯಾನು ಒಂದರಲ್ಲೇ ಓಡುತ್ತದೆ,
ಮಿಕ್ಕ ನಾಲ್ಕು ರೆಗ್ಯುಲೇಟರಿನ ಮೇಲೆ ಬರಿಯ ಅಂಕಿ.

ಕಡತಕ್ಕೆ ಕೆಂಪು ಚೀಟಿ: ಅತಿ ಜರೂರು.
ಅತಿವೇಗದ ರೈಲುಮಾರ್ಗ ನಿರ್ಮಾಣ (ನಿಯಂತ್ರಣ) ವಿಧೇಯಕ.
ಮೊದಲು ಕಣ್ಣಿಗೆ ಬಿದ್ದದ್ದು ಆ ಕಂಸ.
‘ನಿಯಂತ್ರಣ ಹುಟ್ಟಿದ್ದೇ ಕಂಸನ ಸೆರೆಮನೆಯಲ್ಲಿ’
ಅಂದೆ ಸಯೀದಾಗೆ.
ಟೈಪು ನಿಲ್ಲಿಸದೆ ಅವಳು,
‘ಹಂಗಾದ್ರೆ ಎಂಟನೇದು ಬದುಕುತ್ತೆ ಬಿಡಿ ಸಾರ್.’

ಎಂಟನೆಯ ಖಂಡ ತೆರೆದು ನೋಡಿದೆ.
ಪರಿಹಾರ.
ಒಂದೂವರೆ ಸಾಲು.
‘ನಿಯಮಿಸಬಹುದಾದಂಥ ರೀತಿಯಲ್ಲಿ’ ಎಂಬಲ್ಲಿಗೆ ಉಸಿರು ನಿಂತಿತ್ತು.

ಎರಡನೆಯ ಖಂಡ ಪರಿಭಾಷೆಗಳದು.
ಅತಿವೇಗ ಎಂದರೆ ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ವೇಗ.
ಆ ಸಂಜೆ ಬಸ್ಸಿನಲ್ಲಿ ನಿಂತು
ಟಿನ್ ಫ್ಯಾಕ್ಟರಿಯಿಂದ ತೂಗುಸೇತುವೆಯ ತನಕ
ಕಡಿಮೆಯಿಲ್ಲದ, ಕಡಿಮೆಯಿಲ್ಲದ ಎಂದುಕೊಂಡೆ,
ಜಪಮಾಲೆಯೊಂದು ಪೂರಾ ಮುಗಿಯುವಷ್ಟು ಸಲ.

ಗೋಡೆ, ಗುಡಿಸಲು, ತಗಡಿನ ಮಾಡು, ಬಾವಿ,
ದನದ ಕೊಟ್ಟಿಗೆ, ಸಮಾಧಿ, ಕೊಳವೆಬಾವಿಯ ಮೋಟರುಮನೆ,
ಇವಕ್ಕೆಲ್ಲ ಇಂಗ್ಲಿಷು ಒಂದೇ ಹೆಸರಿಟ್ಟಿತ್ತು.
ನಾನೂ ಒಂದನ್ನು ಹುಡುಕಿದೆ.
ರಚನೆ ಅಂದರೆ ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸಿತು.
ಕಟ್ಟಡ ಅಂದರೆ ಸಮಾಧಿ ಹೊರಗುಳಿಯಿತು.
ಕೊನೆಗೆ ಬರೆದೆ: ಕಟ್ಟೋಣ.
ಹಳೆಯ ಪದ, ಒಳಗೆ ತಣ್ಣಗಿದೆ, ಕಲ್ಲುಚಪ್ಪಡಿಯ ಹಾಗೆ.

ಗೇಟಿನ ಬಳಿ ಸೀಬೆಕಾಯಿ ಮಾರುವ ಮುನಿಲಕ್ಷ್ಮಮ್ಮ
ಹಣ್ಣು ಸೀಳಿ ಖಾರ ತುಂಬುತ್ತ ಕೇಳಿದಳು:
‘ನಲವತ್ತು ಮೀಟ್ರು ಅಂದ್ರೆ ಎಷ್ಟು ಮಾರು?’
ದೇವಸಂದ್ರದಲ್ಲಿ ಹಳಿಯ ಹಿಂದೆ ಅವಳ ಮನೆ.
ಸರ್ವೆಯವರು ಹಳದಿ ಗೂಟ ನೆಟ್ಟು ಹೋಗಿದ್ದಾರೆ.
ಮಗಳನ್ನು ಗೂಟದ ಹತ್ತಿರ ನಿಲ್ಲಿಸಿ
ಅವಳೇ ಕೈ ಚಾಚಿ ಅಳೆದಿದ್ದಾಳೆ,
ಇಪ್ಪತ್ತೆರಡು ಮಾರು.
‘ಬಚ್ಚಲು ಒಳಕ್ಕೆ ಹೋಯ್ತು, ಒಲೆ ಉಳೀತು.
ಅರ್ಧ ಮನೇಗೆ ಕಾನೂನು ಏನನ್ನುತ್ತೆ?’

ವಿಧೇಯಕ ಮಂಡನೆಯಾಗುವವರೆಗೆ ಗೋಪ್ಯ.
‘ಕಾನೂನು ಬರೆಯೋರು ನಾವಲ್ಲಮ್ಮ,
ಒಂದು ಭಾಷೆಯಿಂದ ಇನ್ನೊಂದಕ್ಕೆ ಬದಲಾಯಿಸೋರು ಅಷ್ಟೇ.’
‘ಬದಲಾಯ್ಸೋರಾ!’ ಅಂದಳು,
‘ಹಂಗಾದ್ರೆ ಒಳ್ಳೇದಾಯ್ತಲ್ಲ, ಬದಲಾಯ್ಸಿ.’
ಚಿಲ್ಲರೆ ಹಿಂದಿರುಗಿಸುವಾಗ
ಒಂದು ಹೋಳು ಹೆಚ್ಚಿಗೆ ಇಟ್ಟಳು.
ಅದನ್ನು ತಿನ್ನಲೂ ಆಗಲಿಲ್ಲ, ಎಸೆಯಲೂ.

ಅಧೀನ ಕಾರ್ಯದರ್ಶಿ ಗುರುಬಸವಯ್ಯನವರು ಕನ್ನಡಕ ಏರಿಸಿದರು.
‘ಏನ್ರೀ ಇದು?
ಗಡಿಯೊಳಗಿನ ಕಟ್ಟೋಣ ಅಂತ ಬರೆದಿದ್ದೀರಿ.
ಕೆಡವಬೇಕೋ, ಕಟ್ಟಬೇಕೋ?
ನ್ಯಾಯಾಲಯದಲ್ಲಿ ನಗ್ತಾರೆ.’
ಹಸಿರು ಶಾಯಿಯಲ್ಲಿ ಹೊಡೆದು ಬರೆದರು: ನಿರ್ಮಿತಿ.
ನಲವತ್ತೊಂದು ಕಡೆ ಹೊಡೆದರು.
ನಾನು ಎಣಿಸಿದ್ದೆ, ಹಾಕಿದ್ದು ನಲವತ್ತೆರಡು.

ಸದನದಲ್ಲಿ ಅದು ಊಟದ ಹೊತ್ತಿಗೆ ಬಂತು.
ಪರವಾಗಿರುವವರು ಹೌದು ಎನ್ನಿ.
ಹೌದು.
ವಿರುದ್ಧವಾಗಿರುವವರು ಇಲ್ಲ ಎನ್ನಿ.
ಯಾರೋ ಕೆಮ್ಮಿದರು, ವರದಿಗಾರರು ಅದನ್ನು ಬರೆದುಕೊಳ್ಳಲಿಲ್ಲ.
ಎಲ್ಲ ಸೇರಿ ನಾಲ್ಕು ನಿಮಿಷ.
ಅತಿವೇಗದ ಪರಿಭಾಷೆಗೆ ಇದನ್ನೂ ಸೇರಿಸಬಹುದಿತ್ತು.

ಈಗ ರಾಜ್ಯಪತ್ರದ ಪ್ರತಿ ಬಂದಿದೆ, ಶಾಯಿಯಿನ್ನೂ ಬೆರಳಿಗೆ ಅಂಟುತ್ತದೆ.
ಹದಿನೇಳನೆಯ ಖಂಡದ ಮೂರನೆಯ ಉಪಖಂಡದಲ್ಲಿ
ಸಾಲು ಮುರಿದ ಜಾಗ,
ಪುಟದ ಅಂಚಿನಲ್ಲಿ ಒಂಟಿಯಾಗಿ,
ಎಲ್ಲ ಕಣ್ಣು ತಪ್ಪಿಸಿಕೊಂಡು
ಕೂತಿದೆ:
ಕಟ್ಟೋಣ.

ಕರಡು ತಿದ್ದುವ ವೆಂಕಟಾಚಲ
ಸಂಕೋಚದಿಂದ ತಿದ್ದೋಲೆಯ ಹಾಳೆ ಇಟ್ಟು ಹೋದ.
‘ಒಂದು ಪದಕ್ಕೆ ಒಂದು ಸಹಿ ಸಾರ್, ಸಾಕು.’
ಸಹಿ ಮಾಡುತ್ತೇನೆ.
ಮಾಡಲೇಬೇಕು, ಸಂಬಳ ಅದಕ್ಕೇ.

ಗಾಜಿನ ಪೇಪರ್‌ವೇಟು ಅದರ ಮೇಲೆ ಕೂತು
ಇವತ್ತಿಗೆ ನಾಲ್ಕು ದಿನ.