ಸುಯ್ಲು

ತಾರ್ತುವಿನ ನೆಲಮಾಳಿಗೆಯಲ್ಲಿ ಕೂತು ಮೂರು ವಾರ
ಒಂದು ಸುಯ್ಲನ್ನು ಕೊಲ್ಲುತ್ತಿದ್ದೇನೆ.

ಮೈಕಿನ ಮಗ್ಗುಲಿಗೇ ತಂದು ಕೂರಿಸಿದೆ ಆಂಪ್ಲಿಫೈಯರನ್ನು;
ಉದ್ದದ ತಂತಿ ಊರ ಚಾಡಿಯನ್ನೆಲ್ಲ ಹೊತ್ತು ತರುತ್ತದೆ.
ಮೈಕಿಗೂ ಪ್ರೊಸೆಸರಿಗೂ ಒಂದೇ ಗ್ರೌಂಡು ಇತ್ತು,
ಬೇರೆ ಮಾಡಿದೆ, ಓರಗಿತ್ತಿಯರಿಗೆ ಒಲೆ ಬೇರೆ ಮಾಡಿದ ಹಾಗೆ.
ಸೇರುವುದಿದ್ದರೆ ಒಂದೇ ಕಡೆ, ಬ್ಯಾಟರಿಯ ಬುಡದಲ್ಲಿ.
ಗೊಣಗಾಟ ನಿಂತಿತು.

ನವೆಂಬರಿನಿಂದ ಏಪ್ರಿಲ್‌ವರೆಗೆ
ಹೆಪ್ಪುಗಟ್ಟಿದ ಜೌಗಿನ ಪೈನ್ ಮರದಲ್ಲಿ
ಡಬ್ಬಿ ಬದುಕಬೇಕು, ಮೂರೇ ಸೆಲ್ಲಿನ ಮೇಲೆ.
ಗೂಬೆ ಕೂಗದಿದ್ದರೆ ಮಲಗಿರು ಎಂದು ಕಲಿಸಿದೆ ಸರ್ಕ್ಯೂಟಿಗೆ,
ಬಾಣಂತಿ ಮಲಗುವಂತೆ, ಒಂದು ಕಿವಿ ತೆರೆದಿಟ್ಟು.

ಪರೀಕ್ಷೆಗೆಂದು ಎಚ್ಚರವಾಗಿಯೇ ಕಳಿಸಿದ್ದ ಡಬ್ಬಿ
ನಿನ್ನೆ ವಾಪಸು ಬಂತು. ಹೆಡ್‌ಫೋನು ಹಾಕಿದೆ.
ತಿಳಿಯಾದ ಮೌನ. ಅದರ ತಳದಲ್ಲಿ
ಏನೋ ಗೊರಗೊರ.
ಕೆಪಾಸಿಟರಿನ ಮೇಲೆ ಅನುಮಾನ, ಬೆಸುಗೆಯ ಮೇಲೆ ಅನುಮಾನ,
ನನ್ನ ಕೈಯ ಮೇಲೇ ಅನುಮಾನ.
ಆಮೇಲೆ ಕೆಮ್ಮು ಬಂತು.

ಹೆಲ್ದುರ್. ಏಣಿಯ ಮೇಲೆ ನಿಂತು ಡಬ್ಬಿ ಕಟ್ಟುವವನು.
ಅವನ ಎದೆ.
ಐದು ಚಳಿಗಾಲದಿಂದ ಹೀಗೇ ಇತ್ತೋ ಏನೋ,
ನನ್ನ ಸುಯ್ಲಿನ ಅಡಿಯಲ್ಲಿ.
ಕೇಳಿದಾಗಲೆಲ್ಲ ಅಂದಿದ್ದ: ನನಗೇನು, ಗುಂಡುಕಲ್ಲು.

ಎಚ್ಚರದ ಮಿತಿಯನ್ನು ನಾಳೆ ಬರೆಯಬೇಕು:
ಗೂಬೆಗಿಂತ ಮೆತ್ತಗಿನದಕ್ಕೆ ಏಳಬೇಡ.
ಅದೇ ಸರಿ. ಸೆಲ್ಲು ಮೂರೇ.

ಈಗ ರಾತ್ರಿ ಹತ್ತು. ಅವನ ನಂಬರು ಒತ್ತಿದ್ದೇನೆ.
ಎತ್ತುತ್ತಾನೆ. ಹಲೋ ಅನ್ನುವ ಮುಂಚೆ ಉಸಿರೆಳೆದುಕೊಳ್ಳುತ್ತಾನೆ.
ಅಗ್ಗದ ಮೈಕು, ಕೆಟ್ಟ ಲೈನು.
ಆದರೂ ಕೇಳುತ್ತದೆ, ಈಗ.