ಹಳದಿ ಎಂದರೆ ಏನು

ಸುತ್ತೋಲೆ ಬಂದು ಆರು ತಿಂಗಳಾಯಿತು:
ಸಂಶೋಧಕರ ದತ್ತಾಂಶವನ್ನೆಲ್ಲ ಇನ್ನು ಮುಂದೆ
ಗ್ರಂಥಾಲಯವೇ ಕಾಪಾಡತಕ್ಕದ್ದು.
ಕೆಳಗೆ ಸಹಿ, ಗುಂಡು ಮುದ್ರೆ.
ಹಣದ ಕಾಲಮ್ಮಿನಲ್ಲಿ ಒಂದು ಗೆರೆ.

ಕಾಪಾಡುವವರು ನಾವಿಬ್ಬರು:
ಪುಸ್ತಕದ ಬೆನ್ನಿಗೆ ನಂಬರು ಬರೆದು ಕಣ್ಣು ಸವೆಸಿಕೊಂಡ ನಾನು,
ಗೆದ್ದಲಿನ ವಾಸನೆ ದೂರದಿಂದಲೇ ಹಿಡಿಯುವ ಸಾಯಬಣ್ಣ.
ಸರ್ವರಿನ ಕೋಣೆಗೆ ಎ.ಸಿ. ಮಂಜೂರಾಗಿಲ್ಲ;
ಕಲಬುರಗಿಯ ಮೇ ತಿಂಗಳಿಗೆ ಹೆದರಿ
ಅವನೇ ಮನೆಯ ಕೂಲರು ತಂದಿಟ್ಟ.
"ನೀರು ಹಾಕಬ್ಯಾಡೋ, ಯಂತ್ರಕ್ಕ ತೇವ ಆಗಿಬರಂಗಿಲ್ಲ" ಅಂದೆ.
"ನೀರಿಲ್ಲದ ಕೂಲರ್ ಅಂದ್ರ ಬರೇ ಬಿಸಿ ಉಸುರ್ರೀ" ಅಂದ.
ಇಬ್ಬರದೂ ಖರೆ.

ಪ್ರಾಧ್ಯಾಪಕರ ಕದ ತಟ್ಟಿದೆ.
ಒಬ್ಬರು: ಕೊಟ್ಟರೆ ಕದ್ದಾರು.
ಒಬ್ಬರು: ಎಲ್ಲ ಹಳೇ ಲ್ಯಾಪ್‌ಟಾಪಿನಲ್ಲಿತ್ತು, ಅದು ಅಳಿಯ ಒಯ್ದ.
ಇನ್ನೊಬ್ಬರು ಚಹಾ ತರಿಸಿದರು,
ದತ್ತಾಂಶದ ಮಾತಿಗೆ ಬಾಯಿ ಬಿಡುವಿರದ ಹಾಗೆ
ಬಸಿ ತುಂಬಿ ತುಂಬಿ ಕುಡಿಸಿದರು.

ಕೊನೆಗೆ ಸಿಕ್ಕಿದ್ದು ಒಂದೇ ಒಂದು ಪೆನ್‌ಡ್ರೈವು,
ಕೊರಳಿಗೆ ಕಾಶಿದಾರದಂಥ ಕೆಂಪು ನೂಲು.
ಪಿಎಚ್‌ಡಿ ಮುಗಿಸಿ ಹೋಗುವಾಗ ಮಹಾನಂದಾ
ಕೌಂಟರಿನ ಮೇಲೆ ಬಿಟ್ಟು ಹೋದದ್ದು.
ಕಾಗಿಣಾ ದಂಡೆಯ ನಲವತ್ತೊಂದು ಬಾವಿ,
ಮೂರು ಬೇಸಿಗೆ, ನೀರಿನ ಆಳ ಮೀಟರಿನಲ್ಲಿ.
ಕಡತದ ಹೆಸರು ಫೈನಲ್.
ಇನ್ನೊಂದು ಫೈನಲ್ ಫೈನಲ್.
ಮತ್ತೊಂದು ಗೈಡ್ ಸರ್ ನೋಡಿದ ಫೈನಲ್.

ಸಾಲು ಸಾಲು ಅಂಕಿ, ಕೂರಿಗೆ ಬಿತ್ತಿದಷ್ಟು ನೆಟ್ಟಗೆ.
ನಡುನಡುವೆ ಕೆಲವು ಮನೆ ಹಳದಿ.
ಹಳದಿ ಎಂದರೆ ಏನು, ಎಲ್ಲೂ ಬರೆದಿಲ್ಲ.
ಪ್ರಬಂಧದ ಇನ್ನೂರ ಹನ್ನೆರಡು ಪುಟದಲ್ಲಿ
ಹಳದಿ ಇಲ್ಲವೇ ಇಲ್ಲ.
ಬಹುಕಾಲ ಬಾಳುತ್ತದೆಂದು ಹೇಳುವ ಸಾದಾ ಕಡತಕ್ಕೆ
ಎಲ್ಲವನ್ನೂ ಇಳಿಸಿದೆ ನೋಡಿ,
ಅಂಕಿ ಉಳಿದವು, ಬಣ್ಣ ಹೋಯಿತು,
ಮೊದಲ ಒಗೆತಕ್ಕೇ.

ಚಿಂಚೋಳಿ ಕಡೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಈಗ.
ಫೋನು ಹಚ್ಚಿದೆ.
"ಹಳದೀನಾ?" ಅಂದಳು.
ಬಸ್ಸಿನ ಹಾರನ್ನು, ಕಂಡಕ್ಟರನ ಸೀಟಿ,
ಆಮೇಲೆ ಏನೂ ಇಲ್ಲ. ಕಟ್ಟಾಯಿತೆಂದುಕೊಂಡೆ.

"ಹದಿನೇಳು ಬಾವಿ ಮೇಡಂ.
ಹಗ್ಗ ನಾ ಮುಟ್ಟಬಾರದು ಅಂದ್ರು.
ಟೇಪು ಅವರ ಕೈಗೆ ಕೊಟ್ಟೆ, ಅದೂ ನೆಲಕ್ಕಿಟ್ಟು.
ಅವರು ಬಗ್ಗಿ ನೋಡಿ ಕೂಗಿದ್ರು,
ನಾ ದೂರ ಬೇವಿನ ಬುಡದಾಗ ನಿಂತು
ಕೂಗಿದ್ದು ಬರಕೊಂಡೆ.
ಆಳ ಖರೆ ಇರಬಹುದು, ಸುಳ್ಳೂ ಇರಬಹುದು.
ಇದನ್ನೆಲ್ಲ ಅಧ್ಯಯನ ವಿಧಾನದಾಗ ಬರಿಯಂಗಿಲ್ಲ ಅಂದ್ರು ಗೈಡ್ ಸರ್.
ಅದಕ್ಕ ಬಣ್ಣ ಹಚ್ಚಿದೆ."

ನನ್ನ ಮುಂದೆ ನಮೂನೆ ತೆರೆದಿತ್ತು.
ಶೀರ್ಷಿಕೆ, ಕರ್ತೃ, ದಿನಾಂಕ, ಪರವಾನಗಿ.
ಅಳತೆಯ ಸಾಧನ: ಒಂದು ಚೌಕ, ಎಂಬತ್ತು ಅಕ್ಷರ.
ಟೇಪು ಎಂದು ಬರೆದು ನಿಂತೆ.
ತರಬೇತಿಗೆ ಹೋಗಿದ್ದೆ ಎರಡು ದಿನ ಬೀದರಿಗೆ:
ದತ್ತಾಂಶ ಹುಡುಕಿದರೆ ಸಿಗಬೇಕು,
ಮತ್ತೊಬ್ಬರಿಗೆ ಒದಗಬೇಕು.
ಊಟ ಚೆನ್ನಾಗಿತ್ತು.
ಟೇಪು ಯಾರ ಕೈಯಲ್ಲಿತ್ತು ಎಂಬುದನ್ನು
ಯಾವ ಚೌಕದಲ್ಲಿ ಬರೆಯಬೇಕೆಂದು ಹೇಳಿರಲಿಲ್ಲ.

ಬರೆದರೆ ಅವಳಿಗೆ ತೊಂದರೆ,
ಕೆಲಸ ವರ್ಷ ವರ್ಷ ನವೀಕರಣದ್ದು.
ಬರೆಯದಿದ್ದರೆ ನಾಳೆ ಯಾರೋ
ಈ ಅಂಕಿ ನಂಬಿ ಬೋರು ಕೊರೆಸುತ್ತಾರೆ.
"ಬರೀಲೇನವ್ವಾ?"
"ನಿಮ್ಮ ಹತ್ರ ಎಷ್ಟು ವರ್ಷ ಇರ್ತದ್ರೀ ಅದು?"
ಡಿಸ್ಕಿಗೆ ಐದು ವರ್ಷ ಗ್ಯಾರಂಟಿ.
ನನಗೆ ನಾಲ್ಕು.
ಅಷ್ಟನ್ನೇ ಹೇಳಿದೆ.
"ಊರಿನ ಹೆಸರು ಬಿಡ್ರಿ," ಅಂದಳು, "ನನ್ನ ಹೆಸರು ಇರಲಿ."

ಕರೆಂಟು ಹೋಯಿತು.
ಯುಪಿಎಸ್ಸು ಹಸುಗೂಸಿನಂತೆ ಚೀರತೊಡಗಿತು.
ಸಾಯಬಣ್ಣ ಟಾರ್ಚು ಹಿಡಿದು ಬಂದು
ಪರದೆಯ ಮೇಲಿದ್ದ ನಾಲ್ಕು ಸಾಲು ಓದಿ
ಏನೂ ಅನ್ನದೆ ಒಳಗೆ ಹೋದ.
ಹಳೆಯ ಆವಕ ರಿಜಿಸ್ಟರು ತಂದು ತೆರೆದಿಟ್ಟ,
ಕ್ಯಾಲಿಕೊ ಬೈಂಡು, ನಲವತ್ತು ವರ್ಷದ ನೀಲಿ ಶಾಯಿ
ಇನ್ನೂ ನಿಚ್ಚಳ.
"ಇದರಾಗೂ ಒಮ್ಮೆ ಬರದ್ಬಿಡ್ರಿ."

ಬರೆದೆ: ಹಳದಿ. ಅಳೆಯಲು ಹೋದವಳನ್ನು
ಹಗ್ಗ ಮುಟ್ಟಗೊಡದ ಬಾವಿ. ಅಂಕಿ, ಕೂಗಿ ಹೇಳಿದ್ದು.
ಹದಿನೇಳು ಸಾಲು ಬೇಕಿತ್ತು.
ಏಳನೆಯದಕ್ಕೆ ಕರೆಂಟು ಬಂತು,
ಕೂಲರು ತಿರುಗಿತು, ನೀರಿಲ್ಲದೆ.