ಉಪ್ಪು ಬೇಡ

ಹಾಲಿನ ಖಾಲಿ ರಟ್ಟಿನ ಡಬ್ಬಿ ಹತ್ತೊಂಬತ್ತು,
ಕತ್ತರಿ ಏಳೇ.
ಹಾಗಾಗಿ ಎಸ್ಟೋನಿಯಾದ ತೆಂಕಣ ತುದಿಯ ನಮ್ಮ ಶಾಲೆಯಲ್ಲಿ
ಬೆಳಿಗ್ಗೆಯಿಡೀ ಜಗಳ.

ನಾನು ಎಲ್ಮಾರ್. ಬಾಯ್ಲರು ನೋಡಿಕೊಳ್ಳುವವನು,
ಹಿಮ ಗುಡಿಸುವವನು, ಬಾಗಿಲ ತಿರುಗಣಿಗೆ ಎಣ್ಣೆ ಬಿಡುವವನು.
ಹಕ್ಕಿಪಾಠ ನನ್ನದಲ್ಲ.
ಏಣಿ ನನ್ನ ಹತ್ತಿರ ಇದೆಯೆಂದು ಕರೆದರು.

ಮಾರಿಕಾ ಟೀಚರು ಬೋರ್ಡಿನಲ್ಲಿ ಬರೆದು ತೋರಿಸಿದರು:
ಕಿಟಕಿ ಇಷ್ಟಗಲ, ತಳದಿಂದ ಎರಡು ಬೆರಳು ಮೇಲೆ,
ಇಲ್ಲದಿದ್ದರೆ ಕಾಳು ಚೆಲ್ಲುತ್ತದೆ.
ಉಕು ಕೊರೆದದ್ದು ಕಿಟಕಿಯಲ್ಲ, ಹೆಬ್ಬಾಗಿಲು.
'ನನ್ನ ಮನೆಗೆ ಗೂಬೆ ಬರುತ್ತೆ' ಅಂದ.
ಲೀಲೊ ಒಳಗೋಡೆಗೆ ಹೂವಿನ ಕಾಗದ ಅಂಟಿಸುತ್ತ ಕೂತಳು,
ಬಾಡಿಗೆಗೆ ಬರುವವರಿಗೆ ಚೆಂದ ಕಾಣಲೆಂದು.
ಇನ್ನೊಬ್ಬ ಸೂರ್ಯಕಾಂತಿ ಬೀಜವನ್ನೆಲ್ಲ ತಾನೇ ತಿಂದು
ಬರೀ ಸಿಪ್ಪೆಯನ್ನು ಡಬ್ಬಿಗೆ ತುಂಬಿದ್ದ.

ಕೊಬ್ಬಿನ ತುಂಡು ದಾರಕ್ಕೆ ಪೋಣಿಸುವ ಹೊತ್ತಿಗೆ
ಟೀಚರು ಮೂರು ಸಲ ಹೇಳಿದರು: ಉಪ್ಪು ಹಚ್ಚಿದ್ದು ಬೇಡ,
ಹಕ್ಕಿಯ ಪುಟ್ಟ ಒಡಲು ತಾಳುವುದಿಲ್ಲ.
ನನ್ನ ಮನೆಯಲ್ಲಿದ್ದದ್ದೆಲ್ಲ ಉಪ್ಪಿನದೇ.
ಮಾಂಸದಂಗಡಿಗೆ ಓಡಿದೆ.
'ಸಪ್ಪೆ ಕೊಬ್ಬು ಯಾರಿಗಪ್ಪಾ?' ಅಂದಳು ವೈಕೆ.
ಹೇಳಿದೆ. ದುಡ್ಡು ಮುಟ್ಟಲಿಲ್ಲ.
ದಾರಿಯುದ್ದಕ್ಕೂ ಅದೇ ಯೋಚನೆ:
ಎಷ್ಟು ಮನೆಯ ಉಪ್ಪು ತಿಂದಿದ್ದೇನೆ ನಾನು,
ಎಷ್ಟು ಮನೆಯೆದುರು ತಲೆ ತಗ್ಗಿಸಿದ್ದೇನೆ!
ಉಪ್ಪೇ ತಿನ್ನದವಕ್ಕೆ
ಯಾರ ಹಂಗು?

ಬರ್ಚ್ ಮರದಲ್ಲಿ ಹತ್ತೊಂಬತ್ತು ಮನೆ.
ಒಂದು ದಿನ, ಎರಡು ದಿನ,
ನಾಲ್ಕು ದಿನ ಯಾರೂ ಬರಲಿಲ್ಲ.
ಕಿಟಕಿಗಾಜಿನ ಮೇಲೆ ಸಾಲಾಗಿ ಮೂಗಿನ ಗುರುತು,
ಒರೆಸಿದಷ್ಟೂ ಮತ್ತೆ.

ಐದನೆಯ ದಿನ ಗಣಿತದ ನಡುವೆ ಬಂತು,
ಹಳದಿ ಎದೆಯದು, ಕಪ್ಪು ಟೊಪ್ಪಿಯದು.
ನಮ್ಮ ಮಾತಿನಲ್ಲಿ ಅದರ ಹೆಸರಲ್ಲೇ ಕೊಬ್ಬಿದೆ,
ನಡೆಯಲ್ಲೂ ಕಮ್ಮಿಯಿಲ್ಲ:
ಸುತ್ತಲೂ ಒಮ್ಮೆ ನೋಡಿ,
ನೇರ ಲೀಲೊಳ ಹೂಗೋಡೆಯ ಮನೆಗೆ ನುಗ್ಗಿತು.

ಲೀಲೊ ಅಂದು ಜ್ವರವೆಂದು ಬಂದಿರಲಿಲ್ಲ.

ಹದಿನೆಂಟು ಮಕ್ಕಳು ಉಸಿರು ಬಿಗಿಹಿಡಿದದ್ದು
ಆ ಕಟ್ಟಡದಲ್ಲಿ ನಾನು ಕೇಳಿದ ಮೊದಲ ಮೌನ.
ಆಮೇಲೆ ಮತ್ತೆ ಜಗಳ, ಅವಳಿಗೆ ಹೇಳುವವರು ಯಾರೆಂದು.
ಕೊನೆಗೆ ಹಿಮದ ಮೇಲೆ ಉದುರಿದ ಸಿಪ್ಪೆ ಆಯ್ದು
ಬೆಂಕಿಪೊಟ್ಟಣದಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಹಾಸಿಗೆಯಲ್ಲಿ ಕೂತು ಎಣಿಸಿದಳು. ಏಳು.
'ಗೋಡೆ ನೋಡಿತಾ?'
ಹಕ್ಕಿಯ ವಿಷಯ ನನಗೇನು ಗೊತ್ತು?
'ಸ್ವಲ್ಪ ಹೊತ್ತು ನಿಂತಿತ್ತು' ಅಂದೆ.

ಮರುದಿನ ಉಕುವಿನ ಮನೆಯಲ್ಲಿ
ಕೊಬ್ಬೂ ಇಲ್ಲ, ದಾರವೂ ಇಲ್ಲ.
'ಗೂಬೆ!' ಅಂದ. ಯಾರೂ ಎದುರಾಡಲಿಲ್ಲ.
ಮರದ ಬುಡದಲ್ಲಿದ್ದ ಕಾಗೆಯ ಹೆಜ್ಜೆಗಳನ್ನು
ಬೆಳಕು ಹರಿಯುವ ಮುಂಚೆಯೇ
ನಾನು ಗುಡಿಸಿದ್ದೆ.